ಎಲ್ಲ ಆ್ಯಪ್ ಕ್ಲಿಯರ್ ಮಾಡಬೇಡಿ, ಚಾರ್ಜ್ ತಿನ್ನುವುದನ್ನು ಮಾತ್ರ ಹಿಡಿಯಿರಿ

ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ ಹೊರಡುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅಕ್ಕಪಕ್ಕ ನೋಡಿ. ಸುರತ್ಕಲ್ ಬರುವಷ್ಟರಲ್ಲಿ ಯಾರಾದರೊಬ್ಬರು ಫೋನ್ ತೆಗೆದು, ತೆರೆದಿರುವ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ತಳ್ಳುತ್ತಿರುತ್ತಾರೆ. 'ಕ್ಲಿಯರ್ ಆಲ್' ಒತ್ತಿದರೆ ಬ್ಯಾಟರಿ ಉಳಿಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ನಿಜ ಹೇಳಬೇಕೆಂದರೆ, ದಿನವಿಡೀ ಹೀಗೆ ಮಾಡಿದರೆ ಚಾರ್ಜ್ ಇನ್ನೂ ಬೇಗ ಇಳಿಯಬಹುದು.

ಹೀಗೆ ತಳ್ಳುವ 'ರೀಸೆಂಟ್ಸ್' ಪುಟದಲ್ಲಿ ಕಾಣುವ ಆ್ಯಪ್‌ಗಳೆಲ್ಲ ಕೆಲಸ ಮಾಡುತ್ತಿರುವುದಿಲ್ಲ. ಹೆಚ್ಚಿನವು ಮೆಮೊರಿಯಲ್ಲಿ ಸುಮ್ನೆ ಬಿದ್ದಿರುತ್ತವೆ. ಜಾಗ ಸಾಲದಿದ್ದಾಗ ಆಂಡ್ರಾಯ್ಡ್ ತಾನೇ ಹಳೆಯದನ್ನು ತೆಗೆಯುತ್ತದೆ. ವಾಟ್ಸ್‌ಆ್ಯಪನ್ನು ಹೊರಗೆ ತಳ್ಳಿ ಐದು ನಿಮಿಷಕ್ಕೆ ಮತ್ತೆ ತೆರೆದರೆ, ಅದು ಮೊದಲಿನಿಂದ ಎಲ್ಲವನ್ನೂ ಲೋಡ್ ಮಾಡಬೇಕು. ಬಚ್ಚಲೊಲೆಯ ಬೆಂಕಿ ನಂದಿಸಿ, ಪ್ರತಿ ಚೆಂಬು ಬಿಸಿನೀರಿಗೂ ಹೊಸದಾಗಿ ಒಲೆ ಹಚ್ಚಿದ ಹಾಗೆ. ಆ್ಯಪ್ ಹ್ಯಾಂಗ್ ಆದರೆ ಮಾತ್ರ ತಳ್ಳಿ, ಸಾಕು.

ಮೊದಲು ಲೆಕ್ಕ ನೋಡಿ

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ 'ಬ್ಯಾಟರಿ ಯೂಸೇಜ್' ತೆರೆಯಿರಿ. ಯಾವ ಆ್ಯಪ್ ಎಷ್ಟು ಚಾರ್ಜ್ ತಿಂದಿದೆ ಎಂಬ ಪಟ್ಟಿ ಬರುತ್ತದೆ. ಮೇಲಿರುವ ಹೆಸರು ನೋಡಿ ಗಾಬರಿಯಾಗಬೇಡಿ. ರಾತ್ರಿ ಎರಡು ಗಂಟೆ ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡಿದ್ದರೆ ಯೂಟ್ಯೂಬ್ ಮೇಲೆ ಇರಲೇಬೇಕು, ಅಲ್ವಾ?

ನೋಡಬೇಕಾದದ್ದು ಬೇರೆ. ಪಟ್ಟಿಯಲ್ಲಿ ಆ್ಯಪ್‌ನ ಹೆಸರು ಒತ್ತಿದರೆ ಹೆಚ್ಚಿನ ಫೋನ್‌ಗಳಲ್ಲಿ ಎರಡು ಸಮಯ ಕಾಣುತ್ತದೆ. ಒಂದು ಪರದೆಯ ಮೇಲಿದ್ದ ಹೊತ್ತು, ಇನ್ನೊಂದು ಬ್ಯಾಕ್‌ಗ್ರೌಂಡ್‌ನಲ್ಲಿ ಓಡಿದ ಹೊತ್ತು. ಶಾಪಿಂಗ್ ಆ್ಯಪೊಂದು ಪರದೆಯ ಮೇಲೆ ಎರಡು ನಿಮಿಷ, ಬ್ಯಾಕ್‌ಗ್ರೌಂಡ್‌ನಲ್ಲಿ ನಾಲ್ಕು ಗಂಟೆ ಇದ್ದರೆ ಕಳ್ಳ ಸಿಕ್ಕಿದ ಎಂದೇ ಲೆಕ್ಕ. ಹಾಡು ಕೇಳುವ ಆ್ಯಪ್‌ಗೆ ಮಾತ್ರ ಈ ಲೆಕ್ಕ ಹಿಡಿಯಬೇಡಿ, ಅದರ ಕೆಲಸವೇ ಹಿಂದಿನಿಂದ ಓಡುವುದು. ಹುಡುಕಿದರೆ ಇಂಥ ಕಳ್ಳರು ಸಿಗುವುದು ಎರಡೋ ಮೂರೋ, ಅಷ್ಟೇ.

ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸದು ನಿಮ್ಮಲ್ಲಿದ್ದರೆ ಇನ್ನೊಂದು ದಾರಿ ಇದೆ. ನೋಟಿಫಿಕೇಶನ್ ಪರದೆಯನ್ನು ಪೂರ್ತಿ ಕೆಳಗೆ ಎಳೆಯಿರಿ. ಈಗ ಎಷ್ಟು ಆ್ಯಪ್ ಸಕ್ರಿಯವಾಗಿವೆ ಎಂದು ಅಲ್ಲೇ ಬರೆದಿರುತ್ತದೆ. ಒತ್ತಿದರೆ ಪ್ರತಿಯೊಂದರ ಎದುರು 'ಸ್ಟಾಪ್' ಬಟನ್ ಬರುತ್ತದೆ.

ಸಿಕ್ಕಿದವನಿಗೆ ಕಡಿವಾಣ

ಆ್ಯಪ್‌ನ ಐಕಾನ್ ಮೇಲೆ ಬೆರಳು ಒತ್ತಿ ಹಿಡಿದು 'ಆ್ಯಪ್ ಇನ್ಫೋ' ತೆರೆಯಿರಿ. ಅಲ್ಲಿ 'ಬ್ಯಾಟರಿ' ಒತ್ತಿದರೆ ಸಾಮಾನ್ಯವಾಗಿ ಮೂರು ಆಯ್ಕೆ: ಅನ್‌ರಿಸ್ಟ್ರಿಕ್ಟೆಡ್, ಆಪ್ಟಿಮೈಸ್ಡ್, ರಿಸ್ಟ್ರಿಕ್ಟೆಡ್. ಮೊದಲನೆಯದು ಪೂರ್ತಿ ಸ್ವಾತಂತ್ರ್ಯ. ಎರಡನೆಯದರಲ್ಲಿ ಫೋನ್ ತಾನೇ ನಿಮ್ಮ ಬಳಕೆ ನೋಡಿ ತೀರ್ಮಾನಿಸುತ್ತದೆ, ಬಹುತೇಕ ಆ್ಯಪ್‌ಗಳಿಗೆ ಅದೇ ಸರಿ. ಮೂರನೆಯದು ಕಳ್ಳನಿಗೆ. ಹೊಸ ಫೋನ್ ಕೆಲವದರಲ್ಲಿ ಇದು 'ಅಲೋ ಬ್ಯಾಕ್‌ಗ್ರೌಂಡ್ ಯೂಸೇಜ್' ಎಂಬ ಸ್ವಿಚ್ ಆಗಿರುತ್ತದೆ, ಕಳ್ಳನಿಗೆ ಅದನ್ನು ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ 'ಡೀಪ್ ಸ್ಲೀಪಿಂಗ್ ಆ್ಯಪ್ಸ್' ಪಟ್ಟಿ ಇದೆ, ಅದಕ್ಕೆ ಸೇರಿಸಿದರೆ ನೀವು ತೆರೆಯುವವರೆಗೆ ಆ್ಯಪ್ ಏಳುವುದಿಲ್ಲ. ಶಿಯೋಮಿ, ರೆಡ್ಮಿಯಲ್ಲಿ 'ಆಟೋಸ್ಟಾರ್ಟ್' ಆಫ್ ಮಾಡಿ.

ಲೊಕೇಶನ್ ಮರೆಯಬೇಡಿ. ಅದೇ ಆ್ಯಪ್ ಇನ್ಫೋದಲ್ಲಿ 'ಪರ್ಮಿಶನ್ಸ್' ನೋಡಿ. ಊಟ ತರಿಸುವ ಆ್ಯಪ್‌ಗೆ ನೀವು ಎಲ್ಲಿದ್ದೀರಿ ಎಂದು ಮಧ್ಯರಾತ್ರಿ ತಿಳಿಯುವ ಅಗತ್ಯವೇ ಇಲ್ಲ. 'ಬಳಸುವಾಗ ಮಾತ್ರ' ಎಂಬುದನ್ನು ಆರಿಸಿ. ಆಂಡ್ರಾಯ್ಡ್ 10ರಿಂದ ಈ ಆಯ್ಕೆ ಇದೆ.

'ಫೋರ್ಸ್ ಸ್ಟಾಪ್' ಕೂಡ ಅಲ್ಲೇ ಇದೆ. ಸಿಟ್ಟಿನಲ್ಲಿ ಒತ್ತಬೇಡಿ. ನೀವೇ ಮತ್ತೆ ತೆರೆಯುವವರೆಗೆ ಆ ಆ್ಯಪ್‌ನಿಂದ ಮೆಸೇಜ್, ನೋಟಿಫಿಕೇಶನ್ ಏನೂ ಬರುವುದಿಲ್ಲ. ಹಾಗೆಯೇ 'ಕ್ಲೀನರ್', 'ಬೂಸ್ಟರ್' ಎಂಬ ಹೆಸರಿನವು ತಾವೇ ದಿನವಿಡೀ ಹಿಂದಿನಿಂದ ಓಡುತ್ತಿರುತ್ತವೆ. ಅವನ್ನು ಇಂದೇ ಕಿತ್ತುಹಾಕಿ.

ಇವಕ್ಕೆ ಕೈ ಹಾಕಬೇಡಿ

ಕರಾವಳಿಯಲ್ಲಿ ಇರುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ಹೊತ್ತಿಗೆ ಸಂಜೆಯಾದರೆ ಗುಡುಗು ಮಿಂಚು. ಗದ್ದೆಯಲ್ಲಿ, ತೋಟದಲ್ಲಿ, ದೋಣಿಯಲ್ಲಿ ಇರುವವರಿಗಾಗಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 'ದಾಮಿನಿ' ಎಂಬ ಆ್ಯಪ್ ಮಾಡಿದೆ. ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಅದಕ್ಕೆ ನಿಮ್ಮ ಲೊಕೇಶನ್ ಬೇಕು, ಹಿಂದಿನಿಂದ ಓಡುವ ಅವಕಾಶವೂ ಬೇಕು. ಚಾರ್ಜ್ ಉಳಿಸುವ ಭರದಲ್ಲಿ ಇದನ್ನು ರಿಸ್ಟ್ರಿಕ್ಟೆಡ್‌ಗೆ ಹಾಕಿದರೆ ಎಚ್ಚರಿಕೆ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಇದನ್ನು ಅನ್‌ರಿಸ್ಟ್ರಿಕ್ಟೆಡ್‌ಗೆ ಹಾಕಿಡಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯ ಸೆನ್ಸರ್ ಆ್ಯಪ್ ಇದ್ದರೆ ಅದನ್ನೂ, ಹೊರಗಿನಿಂದ ಹಾಕಿಕೊಂಡ ಅಲಾರಂ ಆ್ಯಪನ್ನೂ ಹಾಗೇ ಮಾಡಿ.

ಸಿಗ್ನಲ್ ಇಲ್ಲದ ಕಡೆ

ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವಾಗ, ಚಾರ್ಮಾಡಿಯಲ್ಲಿ ಹೋಗುವಾಗ ಫೋನ್ ಬಿಸಿಯಾಗಿ ಚಾರ್ಜ್ ಸರ್ರನೆ ಇಳಿಯುವುದನ್ನು ಗಮನಿಸಿರಬಹುದು. ಟವರ್ ದೂರವಾದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಸಿಗ್ನಲ್ ಹುಡುಕುತ್ತದೆ. ಅದೇ ಹೊತ್ತಿಗೆ ಫೋಟೋ ಬ್ಯಾಕಪ್, ಮೇಲ್, ಅಪ್‌ಡೇಟ್ ಎಲ್ಲವೂ ನೆಟ್‌ಗಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಇಲ್ಲಿ ಒಂದೊಂದೇ ಆ್ಯಪ್ ಹಿಡಿದು ಪ್ರಯೋಜನವಿಲ್ಲ. ಬ್ಯಾಟರಿ ಸೇವರ್ ಹಾಕಿ. ಸಿಗ್ನಲ್ ಪೂರ್ತಿ ಹೋಗಿದ್ದರೆ ಏರ್‌ಪ್ಲೇನ್ ಮೋಡ್. ಸಾಮಾನ್ಯವಾಗಿ ಅದರಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ದಾರಿ ತಪ್ಪುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋದಾಗಲೂ ಬ್ಯಾಟರಿ ಸೇವರ್ ಮೊದಲೇ ಹಾಕಿಬಿಡಿ, 15 ಶೇಕಡಾಕ್ಕೆ ಇಳಿಯುವವರೆಗೆ ಕಾಯಬೇಡಿ.

ಐಫೋನ್ ಇದ್ದರೆ

ಸೆಟ್ಟಿಂಗ್ಸ್, ಜನರಲ್, 'ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್'. ಬೇಡದ್ದನ್ನು ಆಫ್ ಮಾಡಿ. 'ಲೋ ಪವರ್ ಮೋಡ್' ಹಾಕಿದರೆ ಅದು ತಾನಾಗಿಯೇ ನಿಲ್ಲುತ್ತದೆ. ಆ್ಯಪ್‌ಗಳನ್ನು ಮೇಲಕ್ಕೆ ತಳ್ಳುವ ಅಭ್ಯಾಸ ಇಲ್ಲೂ ಬೇಡ. ಆ್ಯಪ್ ಪ್ರತಿಕ್ರಿಯಿಸದಿದ್ದಾಗ ಮಾತ್ರ ಹಾಗೆ ಮುಚ್ಚಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ.

ಬದಲಾವಣೆ ಮಾಡಿ ಎರಡು ಮೂರು ದಿನ ಬಿಟ್ಟು ಮತ್ತೆ ಬ್ಯಾಟರಿ ಯೂಸೇಜ್ ತೆರೆಯಿರಿ. ಬ್ಯಾಕ್‌ಗ್ರೌಂಡ್ ಹೊತ್ತು ಇಳಿದಿದ್ದೂ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತಿದ್ದರೆ ತಪ್ಪು ಆ್ಯಪ್‌ಗಳದ್ದಲ್ಲ, ಬ್ಯಾಟರಿ ಹಳೆಯದಾಗಿರಬಹುದು. ಐಫೋನ್‌ನಲ್ಲಿ 'ಬ್ಯಾಟರಿ ಹೆಲ್ತ್' 80 ಶೇಕಡಾಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಾಯಿಸುವುದೇ ದಾರಿ. ಆಂಡ್ರಾಯ್ಡ್ ಫೋನ್ ಆದರೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿ.