ಸುಳ್ಳುಗಾರನ ಪ್ರೇಮಕಥೆ ಬರೆದ ಬಗೆ

ಹದಿನೇಳರ ಹುಡುಗನೊಬ್ಬ ಬಾಯಿ ತೆರೆದರೆ ಸುಳ್ಳು ಹೇಳುತ್ತಾನೆ. ಆದರೂ ಅವನ ಪ್ರೀತಿ ಫಲಿಸಲಿ ಎಂದೇ ಓದುವವರಿಗೆ ಅನಿಸಬೇಕು. ವಿಜಯಪುರವನ್ನು ನೆಲೆಯಾಗಿಟ್ಟುಕೊಂಡು ಹರೆಯದವರಿಗಾಗಿ ಹಾಸ್ಯ ಕಾದಂಬರಿಯೊಂದನ್ನು ಬರೆಯುವಾಗ ನನಗಿದ್ದ ಕೆಲಸ ಇಷ್ಟೇ. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದ ಆಟ. ನಾರದ ತಂದ ಹೂವು ರುಕ್ಮಿಣಿಯ ಮುಡಿ ಸೇರಿದೆ ಎಂಬುದು ಆಟ ನೋಡಲು ಕೂತ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಸಿಟ್ಟಿಗೆದ್ದ ಸತ್ಯಭಾಮೆಯನ್ನು ಕೃಷ್ಣ ಹೇಗೆ ಒಲಿಸಿಕೊಳ್ಳುತ್ತಾನೆ ಎಂಬುದನ್ನು ನೋಡಲೆಂದೇ ಜನ ನಿದ್ದೆಗೆಟ್ಟು ಕೂಡುತ್ತಾರೆ. ಆದ್ದರಿಂದ ಓದುಗರಿಂದ ಯಾವ ಸತ್ಯವನ್ನೂ ಮುಚ್ಚಿಡಬಾರದೆಂದು ಮೊದಲೇ ನಿಶ್ಚಯಿಸಿದೆ. ಕೊನೆಯ ಅಧ್ಯಾಯದಲ್ಲಿ ಎಲ್ಲವೂ ಸುಳ್ಳೆಂದು ಬಯಲು ಮಾಡುವ ತಂತ್ರ ಪತ್ತೇದಾರಿ ಕಥೆಗೆ ಒಪ್ಪೀತು, ನಗೆಗಲ್ಲ. ನನ್ನ ನಾಯಕ ಬಸು ಸುಳ್ಳು ಹೇಳುವ ಮೊದಲು ಓದುಗರ ಕಿವಿಯಲ್ಲಿ ನಿಜವನ್ನು ಉಸುರಿಬಿಡುತ್ತಾನೆ. ಅಲ್ಲಿಂದ ಮುಂದೆ ಅವರೂ ಅವನ ಪಾಲುದಾರರೇ.

ಬರೆಯಲು ಕೂಡುವ ಮೊದಲು ಒಂದು ಉದ್ದನೆಯ ವಹಿ ತಂದು ಸುಳ್ಳುಗಳ ಖಾತೆ ತೆರೆದೆ. ಯಾರಿಗೆ ಹೇಳಿದ, ಆಗ ಬೇರೆ ಯಾರು ಕೇಳಿಸಿಕೊಂಡರು, ಯಾವ ಪುಕ್ಕಲುತನಕ್ಕೆ ಹೇಳಿದ, ಅದನ್ನು ಉಳಿಸಿಕೊಳ್ಳಲು ಮರುದಿನ ಏನು ಮಾಡಬೇಕಾಯಿತು ಎಂದು ಪ್ರತಿಯೊಂದನ್ನೂ ಬರೆದಿಟ್ಟೆ. ಈ ಕೊನೆಯ ಅಂಕಣವೇ ನನಗೆ ಕಾದಂಬರಿಯನ್ನು ಕೊಟ್ಟಿತು. ಇಸ್ತ್ರಿ ಅಂಗಡಿಯವನ ಮಗನಾದ ಬಸು, ಕಾಲೇಜಿನ ಗಂಗಾಳ ಮುಂದೆ ತಮಗೆ ಇಂಡಿಯಲ್ಲಿ ನಿಂಬೆ ತೋಟವಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಆದರೆ ಆ ವಾಕ್ಯಕ್ಕಾಗಿ ಅವನು ನಸುಕಿನಲ್ಲೆದ್ದು ಮಾರುಕಟ್ಟೆಗೆ ಹೋಗಿ, ಸ್ವಂತ ದುಡ್ಡಿನಲ್ಲಿ ನಿಂಬೆಹಣ್ಣು ಕೊಂಡು, ತೋಟದಿಂದ ಬಂದವೆಂದು ವಾರವಾರವೂ ಹಂಚಬೇಕಾಗುತ್ತದೆ. ನಿಜ ಹೇಳುವವನಿಗಿಂತ ಹೆಚ್ಚು ದುಡಿಯುವ ಸುಳ್ಳುಗಾರನನ್ನು ಕಂಡರೆ ಓದುಗರಿಗೆ ಕನಿಕರ ತಾನಾಗಿ ಹುಟ್ಟುತ್ತದೆ.

ಗಂಗಾಳನ್ನು ಮೋಸಹೋಗುವ ಹುಡುಗಿಯನ್ನಾಗಿ ಮಾಡಲು ನನಗೆ ಮನಸ್ಸಿರಲಿಲ್ಲ. ಅವಳ ಮನೆಯವರೇ ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರರು. ಅಲ್ಲಿಯ ವ್ಯಾಪಾರದಲ್ಲಿ ನಿಂಬೆ ತುಂಬಿದ ಚೀಲಕ್ಕೆ ಡಾಗ್ ಎನ್ನುತ್ತಾರೆ, ದರವನ್ನೂ ಡಾಗಿನ ಲೆಕ್ಕದಲ್ಲೇ ಹೇಳುತ್ತಾರೆ.

“ಈ ಸಲ ನಿಮ್ಮ ಡಾಗ್ ಎಷ್ಟಕ್ಕ ಹೋತು?” ಎಂದು ಅವಳು ಕೇಳುತ್ತಾಳೆ.

“ಮಾರೋದಿಲ್ಲರೀ, ಅದು ಆಲ್ಸೇಷಿಯನ್. ರಾತ್ರಿ ತೋಟ ಕಾಯುತ್ತೆ,” ಎಂದು ಬಸು ಗಂಭೀರವಾಗಿ ಉತ್ತರಿಸುತ್ತಾನೆ.

ಆ ಕ್ಷಣದಿಂದ ಅವಳಿಗೆ ಎಲ್ಲವೂ ಗೊತ್ತು. ಬಿಟ್ಟುಕೊಡದೆ, ಆ ನಾಯಿಯ ಆರೋಗ್ಯವನ್ನು ಆಗಾಗ ವಿಚಾರಿಸುತ್ತಾಳೆ. ಅವರ ಪ್ರೇಮ ಬೆಳೆಯುವುದು ಈ ವಿಚಾರಣೆಗಳಲ್ಲಿಯೇ ಹೊರತು ಪತ್ರಗಳಲ್ಲಾಗಲಿ ಉದ್ಯಾನಗಳಲ್ಲಾಗಲಿ ಅಲ್ಲ.

ಮೇಲಿನ ಮಾತುಗಳಲ್ಲಿ ಬಸುವಿನ ‘ಕಾಯುತ್ತೆ’ಯನ್ನು ನಮ್ಮ ಊರಿನವರು ಗಮನಿಸಿರಬಹುದು. ಅವನು ನಿಜ ಹೇಳುವಾಗ “ನಮ್ಮಪ್ಪ ಅಂಗಡಿಗಿ ಹೋಗ್ಯಾನ” ಎನ್ನುತ್ತಾನೆ, ಸುಳ್ಳು ಹೇಳುವಾಗ “ನಮ್ಮ ತಂದೆಯವರು ತೋಟಕ್ಕೆ ಹೋಗಿದ್ದಾರೆ” ಎನ್ನುತ್ತಾನೆ. ಇದನ್ನು ಎಲ್ಲಿಯೂ ವಿವರಿಸಲಿಲ್ಲ. ವಿವರಿಸಿದ್ದರೆ ಆಟ ಕೆಡುತ್ತಿತ್ತು.

ಸುಳ್ಳುಗಳೆಲ್ಲ ಒಂದೇ ಕಡೆ ಕೂಡಿ ಬೀಳುವುದಕ್ಕೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗಿಂತ ಒಳ್ಳೆಯ ಸಂದರ್ಭ ವಿಜಯಪುರದಲ್ಲಿಲ್ಲ. ಸುತ್ತಲಿನ ಊರುಗಳ ನೆಂಟರೆಲ್ಲ ಆಗ ಬರುತ್ತಾರೆ. ಕಿರುಪರೀಕ್ಷೆ ತಪ್ಪಿಸಿಕೊಳ್ಳಲು ಬಸು ಮಳೆಗಾಲದಲ್ಲಿಯೇ ಸಾಯಿಸಿದ್ದ ಜಮಖಂಡಿಯ ಅಜ್ಜಿಯೂ ಬರುತ್ತಾಳೆ, ಬಂದವಳು ಅವನ ಉಪನ್ಯಾಸಕರ ಪಕ್ಕದಲ್ಲೇ ನಿಂತು ಬಳೆಯ ದರಕ್ಕೆ ವಾದ ಮಾಡುತ್ತಾಳೆ. ಕಾಲೇಜು ಆರಂಭವಾದಲ್ಲಿಂದ ಜನವರಿಯ ತನಕ ಕಥೆಯನ್ನು ಹರಡಿದ್ದು ಈ ದೃಶ್ಯಕ್ಕಾಗಿಯೇ; ಬರೆಯುವಾಗ ನನಗೆ ಅತ್ಯಂತ ಸಂತೋಷ ಕೊಟ್ಟ ಪುಟಗಳೂ ಇವೇ.

ಗೋಲಗುಮ್ಮಟವನ್ನು ಬಳಸುವುದೋ ಬೇಡವೋ ಎಂಬುದು ಹೆಚ್ಚು ಯೋಚನೆಗೆ ಹಚ್ಚಿತು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಗ್ಯಾಲರಿಯಲ್ಲಿ, ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಬಸು ತನ್ನ ಪ್ರೀತಿಯನ್ನು ಅಲ್ಲಿಯೇ ಹೇಳಿಕೊಳ್ಳುತ್ತಾನೆಂದು ವಿಜಯಪುರದ ಯಾವ ಓದುಗನಾದರೂ ಮೊದಲ ಪುಟದಲ್ಲೇ ಊಹಿಸಿಬಿಡುತ್ತಾನೆ. ಅದಕ್ಕೇ ಅಲ್ಲಿ ಅವನಿಂದ ಸುಳ್ಳನ್ನೇ ಹೇಳಿಸಿದೆ. ಗಂಗಾ ತನ್ನ ಹಿಂದೆ ಬಿದ್ದಿದ್ದಾಳೆಂದು ಅವನು ಗೆಳೆಯನ ಮುಂದೆ ಜಂಬದಿಂದ ಪಿಸುಗುಟ್ಟುತ್ತಾನೆ. ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ನಿಂತವಳು ಅವಳೇ. ಶಾಲಾ ಪ್ರವಾಸದ ಮಕ್ಕಳು ಬಂದು ಕೂಗತೊಡಗಿದರೆ ಪಿಸುಮಾತು ಯಾರಿಗೂ ಕೇಳುವುದಿಲ್ಲವಾದ್ದರಿಂದ ಈ ಪ್ರಸಂಗವನ್ನು ಬೆಳಗಿನ ಹೊತ್ತಿಗೆ ಇಡಬೇಕಾಯಿತು.

ತೋಟದ ಸುಳ್ಳು ಯಾರನ್ನೂ ನೋಯಿಸಿರಲಿಲ್ಲ, ಇದು ನೋಯಿಸಿತು. ಇಲ್ಲಿಂದ ಕೆಲವು ಅಧ್ಯಾಯಗಳಲ್ಲಿ ನಗೆಯನ್ನು ತಗ್ಗಿಸಿದೆ, ಗಂಗಾ ನಾಯಿಯ ಆರೋಗ್ಯ ವಿಚಾರಿಸುವುದನ್ನೂ ನಿಲ್ಲಿಸಿದೆ. ಬಸು ಕ್ಷಮೆ ಕೇಳಿದೊಡನೆ ಅವಳು ಕರಗುವುದು ನನಗೆ ಬೇಡವಾಗಿತ್ತು. ಗ್ಯಾಲರಿಯಲ್ಲಿ ಯಾವ ಗೆಳೆಯನಿಗೆ ಆ ಮಾತು ಹೇಳಿದ್ದನೋ ಅವನ ಮುಂದೆ, ಗಂಗಾ ಇಲ್ಲದ ಹೊತ್ತಿನಲ್ಲಿ, “ಆಕಿ ನನ್ನ ಹಿಂದ ಬಿದ್ದಿಲ್ಲಲೇ, ನಾನೇ ಬಿದ್ದೀನಿ” ಎಂದು ಅವನಿಂದ ಹೇಳಿಸಿದೆ. ಆ ಮಾತು ಗಂಗಾಳನ್ನು ತಲುಪುವುದಕ್ಕೆ ಮತ್ತೊಂದು ಅಧ್ಯಾಯ ಹಿಡಿಯಿತು.