ಲೇಬಲ್ ಮೇಲಿನ ಸಣ್ಣಕ್ಷರ

ಕಿಂಗ್ ರೆಕಾರ್ಡ್ಸ್ ಕಂಪನಿಯ ಕಥೆಯನ್ನು ನಾನು ಜೋಡಿಸಿಕೊಂಡದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ಪ್ಲೇಟುಗಳಿಂದ. ಸಿಡ್ ನೇಥನ್ 1943ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇದನ್ನು ಶುರು ಮಾಡಿದ್ದು, ಆಗ ‘ಹಿಲ್‌ಬಿಲಿ’ ಎನ್ನುತ್ತಿದ್ದ ಕಂಟ್ರಿ, ಅಂದರೆ ಹಳ್ಳಿಗಾಡಿನ ಬಿಳಿಯರ ಹಾಡುಗಳಿಗಾಗಿ. ಮೊದಲ ಪ್ಲೇಟಿಗೆ ಹಾಡಿದ ಗ್ರಾಂಡ್‌ಪಾ ಜೋನ್ಸ್ ಮತ್ತು ಮರ್ಲ್ ಟ್ರ್ಯಾವಿಸ್ ಸ್ವಂತ ಹೆಸರು ಹಾಕಿಸಿಕೊಳ್ಳಲಿಲ್ಲ. ಇಬ್ಬರೂ ರೇಡಿಯೊ ನೌಕರಿಯಲ್ಲಿದ್ದರು, ಮಾಲೀಕರಿಗೆ ಗೊತ್ತಾಗಬಾರದಲ್ಲ!

ಪ್ಲೇಟು ಕೈಗೆ ಬಂದ ಕೂಡಲೇ ಹಚ್ಚಿ ಕೇಳುವುದಿಲ್ಲ. ಇವು ಅರಗಿನ ಪ್ಲೇಟುಗಳು, ಸ್ಪಿರಿಟ್ ಸೋಕಿದರೆ ಹಾಳು. ನೀರಿಗೆ ಎರಡು ಹನಿ ಸೋಪು ಬೆರೆಸಿ, ನಡುವಿನ ಕಾಗದ ನೆನೆಯದಂತೆ ಗೀರಿನ ಗುಂಟ ಒರೆಸುತ್ತೇನೆ. ಆಮೇಲೆ ಬಂದ ಎಲ್‌ಪಿ ಪ್ಲೇಟುಗಳ ಸಣ್ಣ ಸೂಜಿ ಗೀರಿನ ತಳಕ್ಕಿಳಿದು ಕಸವನ್ನೇ ಕೆರೆಯುತ್ತದೆ, ಆದ್ದರಿಂದ ದಪ್ಪ ಮೊನೆಯ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಸೂಜಿ.

ನಿಜವಾದ ಕೆಲಸ ಆಮೇಲಿನದು. ಕ್ರಮಸಂಖ್ಯೆ, ಗಾಯಕ, ಬರೆದವರು, ಹಾಡಿನ ಹಕ್ಕು ಯಾರದು, ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸುವುದು. ಕಂಟ್ರಿ ಪ್ಲೇಟುಗಳ ಸಂಖ್ಯೆ 500ರಿಂದ ಶುರು. ಕಪ್ಪು ಜನರ ಮಾರುಕಟ್ಟೆಗೆಂದು ತೆಗೆದ ರಿದಮ್ ಅಂಡ್ ಬ್ಲೂಸ್ ಪ್ಲೇಟುಗಳದ್ದು 4000 ದಾಟಿದ ಸಾಲು. ಎರಡನ್ನೂ ಅಕ್ಕಪಕ್ಕ ಬರೆದುಕೊಂಡಾಗ ಒಂದೇ ಹಾಡು ಎರಡೂ ಕಡೆ ಸಿಗತೊಡಗಿತು. ವೇಯ್ನ್ ರೇನಿ 1949ರಲ್ಲಿ ಹಾಡಿದ ‘ವೈ ಡೋಂಟ್ ಯು ಹಾಲ್ ಆಫ್ ಅಂಡ್ ಲವ್ ಮಿ’ಯನ್ನು ಅದೇ ವರ್ಷ ಬುಲ್ ಮೂಸ್ ಜಾಕ್ಸನ್ ಹಾಡಿದ್ದಾರೆ. ಹ್ಯಾಂಕ್ ಪೆನ್ನಿಯ ‘ಬ್ಲಡ್‌ಶಾಟ್ ಐಸ್’ 1951ರಲ್ಲಿ ವೈನೋನಿ ಹ್ಯಾರಿಸ್ ಬಾಯಲ್ಲಿ ಬೇರೆಯದೇ ಹಾಡಾಗಿದೆ.

ಬಿಳಿಯರ ಹಾಡನ್ನು ಕಪ್ಪು ಗಾಯಕರು ಹೀಗೆ ಹಾಡಿದ್ದನ್ನು ಬರೀ ಸೌಹಾರ್ದ ಅಂದುಕೊಂಡರೆ ನೇಥನ್ ನಕ್ಕಾರು. ಲೋಯಿಸ್ ಮ್ಯೂಸಿಕ್ ಎಂಬ ಪ್ರಕಾಶನ ಅವರದೇ. ಅದರ ಹಕ್ಕಿನಲ್ಲಿದ್ದ ಹಾಡನ್ನು ಯಾರು ಹಾಡಿದರೂ ಒಂದು ಪಾಲು ಅವರ ಜೇಬಿಗೇ. ರೆಕಾರ್ಡಿಂಗ್, ಪ್ಲೇಟು ಅಚ್ಚೊತ್ತುವುದು, ಲೇಬಲ್ ಮುದ್ರಣ, ಸಾಗಣೆ, ಎಲ್ಲವೂ ಬ್ರೂಸ್ಟರ್ ಅವೆನ್ಯೂದ ಒಂದೇ ಆವರಣದಲ್ಲಿ ನಡೆಯುತ್ತಿದ್ದಾಗ ಒಂದು ಹಾಡನ್ನು ಎರಡು ಸಲ ಮಾರದೆ ಬಿಡುತ್ತಾರೆಯೇ?

ಆದರೂ ಲೆಕ್ಕಾಚಾರಕ್ಕೆ ಮೀರಿದ್ದೂ ಅಲ್ಲಿತ್ತು. ಡೆಲ್ಮೋರ್ ಸಹೋದರರ ‘ಬ್ಲೂಸ್ ಸ್ಟೇ ಅವೇ ಫ್ರಂ ಮಿ’ ಬರೆದವರಲ್ಲಿ ಹೆನ್ರಿ ಗ್ಲೋವರ್ ಒಬ್ಬರು. ಕಪ್ಪು ಸಂಗೀತಗಾರ, ಕಂಪನಿಯ ನಿರ್ಮಾಪಕ. ಜನಾಂಗಭೇದ ಕಾನೂನಾಗಿದ್ದ ಆ 1949ರಲ್ಲಿ ದಕ್ಷಿಣದ ಬಿಳಿ ಗಾಯಕರ ರೆಕಾರ್ಡಿಂಗನ್ನು ಇಂಥವರೊಬ್ಬರು ನೋಡಿಕೊಳ್ಳುವುದು ತೀರ ಅಪರೂಪ. ಆ ಪ್ಲೇಟಿನ ಗಿಟಾರ್ ಓಟ ಕೇಳಿದರೆ ಬ್ಲೂಸ್ ಎಲ್ಲಿ ಮುಗಿದು ಕಂಟ್ರಿ ಎಲ್ಲಿ ಶುರುವಾಯಿತೆಂದು ನನಗಂತೂ ಹೇಳಲಾಗದು.

ಈಗ ಕಿಂಗ್ ಅಂದರೆ ಸೋಲ್ ಗಾಯಕ ಜೇಮ್ಸ್ ಬ್ರೌನ್ ಹೆಸರು ಮೊದಲು ಬರುತ್ತದೆ, ಬರಲಿ. ನೇಥನ್ 1968ರಲ್ಲಿ ತೀರಿಕೊಂಡ ಮೇಲೆ ಕಂಪನಿ ಸ್ಟಾರ್‌ಡೇ ಎಂಬ ಇನ್ನೊಂದು ರೆಕಾರ್ಡ್ ಕಂಪನಿ ಜೊತೆ ಸೇರಿಹೋಯಿತು. ನನ್ನ ನೋಟ್‌ಬುಕ್ ಅಷ್ಟು ದೂರ ಹೋಗುವುದಿಲ್ಲ. 500ರ ಸಾಲಿನಲ್ಲೇ ಇನ್ನೂ ಸಿಗದ ಸಂಖ್ಯೆಗಳು ಬೇಕಷ್ಟಿವೆ.