ಹಳದಿ ಹೂವಿನ ತಗಚೆ ಬಳಗ: ಹೂ ಬಿಡಿ, ಎಲೆದಂಟು ನೋಡಿ

ಮುಂಗಾರು ಹಿಡಿದ ಮೇಲೆ ಹುಬ್ಬಳ್ಳಿ-ಧಾರವಾಡದ ಖಾಲಿ ಸೈಟು, ಹಾವೇರಿ ಕಡೆಯ ಹೊಲದ ಬದು, ಗದಗಿನ ಕಪ್ಪತಗುಡ್ಡದ ಬುಡ, ಎಲ್ಲೆಲ್ಲೂ ಐದೆಸಳಿನ ಹಳದಿ ಹೂ. ಬರೀ ಹೂವಿನ ಫೋಟೊ ಕಳಿಸಿ ‘ಇದ್ಯಾವ ಗಿಡ’ ಎಂದರೆ ಬಲ್ಲವರೂ ತಡವರಿಸುತ್ತಾರೆ. ತಗಚೆ, ತಂಗಡಿ ಎಲ್ಲ ಸೇರಿದ ಸೆನ್ನಾ ಕುಲದ ಹೂಗಳು ಹೆಚ್ಚುಕಡಿಮೆ ಒಂದೇ ಥರ. ಗುರುತು ಇರುವುದು ಎಲೆದಂಟಿನ ಮೇಲ್ಮೈಯಲ್ಲಿ ಸಣ್ಣ ಉಬ್ಬಿನಂತೆ ಕಾಣುವ ಪುಟ್ಟ ಗ್ರಂಥಿಯಲ್ಲಿ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಮಿಲಿಮೀಟರ್ ಗೆರೆಯ ಸ್ಕೇಲು ಸಾಕು. ಗಿಡದ ನಡುಭಾಗದಿಂದ, ಪೂರ್ತಿ ಬಲಿತ ಎರಡು-ಮೂರು ಎಲೆಗಳನ್ನು ಬುಡದ ಗಂಟಿನ ಸಮೇತ ಕೀಳಿ. ಹೂವಿನ ಪಕ್ಕದ ಎಲೆಯಲ್ಲಿ ಕಿರುಎಲೆಗಳ (ಒಂದೇ ಎಲೆದಂಟಿನ ಎರಡೂ ಬದಿಗಿರುವ ಪುಟ್ಟ ಎಲೆಗಳ) ಜೋಡಿ ಕಡಿಮೆ ಇರಬಹುದು, ಅದನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ತೀರ ಹಳೆಯ ಎಲೆಯೂ ಬೇಡ. ಗ್ರಂಥಿ ಒಣಗಿ ಉದುರಿರಬಹುದು. ಸಂಜೆ ಎಲೆ ಮುಚ್ಚಿಕೊಳ್ಳುವುದರಿಂದ ಬೆಳಿಗ್ಗೆಯೇ ನೋಡುವುದು ಒಳ್ಳೆಯದು.

ಮೊದಲು ಸುಲಭದ್ದು. ಮಸಾರಿ ನೆಲದ, ಕುರುಚಲು ಗುಡ್ಡದ ಪೊದೆ ತಂಗಡಿ, ಅಂದರೆ ಆವರಿಕೆ. ಇದರಲ್ಲಿ 8ರಿಂದ 12 ಜೋಡಿ ಕಿರುಎಲೆ, ಪ್ರತಿ ಜೋಡಿಯ ನಡುವೆಯೂ ನೆಟ್ಟಗೆ ನಿಂತ ಒಂದು ಗ್ರಂಥಿ. ಎಲೆ ಕಾಂಡಕ್ಕೆ ಕೂಡುವಲ್ಲಿ ಕಿವಿಯಂತೆ ಅಗಲವಾದ ಹಸಿರು ತುಣುಕು ಉಳಿದೇ ಇರುತ್ತದೆ. ಕಾಯಿ ಕಾಗದದಷ್ಟು ತೆಳು, ಚಪ್ಪಟೆ. ರಸ್ತೆಬದಿಯ ಸೀಮೆ ತಂಗಡಿ ಮರದ ಎಲೆದಂಟಿನಲ್ಲಿ ಗ್ರಂಥಿಯೇ ಇಲ್ಲ. ಕಕ್ಕೆಯಲ್ಲೂ ಇಲ್ಲ, ಅದು ಕ್ಯಾಸಿಯಾ ಕುಲದ್ದು, ಮೂರು ಕೇಸರಗಳು ಉದ್ದವಾಗಿ ಬಾಗಿ ಹೊರಚಾಚಿರುತ್ತವೆ. 1982ರಲ್ಲಿ ಸಸ್ಯವಿಜ್ಞಾನಿಗಳಾದ ಅರ್ವಿನ್ ಮತ್ತು ಬಾರ್ನ್‌ಬಿ ಹಳೆಯ ಕ್ಯಾಸಿಯಾ ಕುಲವನ್ನು ಮೂರು ಕುಲಗಳಾಗಿ ಒಡೆದರು. ಹಳೆಯ ಪುಸ್ತಕಗಳಲ್ಲಿ ತಗಚೆಯೂ ಕ್ಯಾಸಿಯಾ ಎಂದೇ ಇರುವುದು ಅದಕ್ಕೇ.

ತೊಡಕು ಕಳೆಗಿಡಗಳಲ್ಲಿ. ತಗಚೆಗೆ ಮೂರು ಜೋಡಿ ಕಿರುಎಲೆ, ತುದಿ ದುಂಡು. ಕೆಳಗಿನ ಎರಡು ಜೋಡಿಗಳ ನಡುವೆ ಒಂದೊಂದು ಕಿತ್ತಳೆ ಬಣ್ಣದ ಗ್ರಂಥಿ. ಕೆಳಜೋಡಿಯ ನಡುವೆ ಮಾತ್ರ ಒಂದೇ ಗ್ರಂಥಿ ಕಂಡರೆ ಅದು ಸೆನ್ನಾ ಆಬ್ಟ್ಯುಸಿಫೋಲಿಯಾ ಇರಬಹುದು. ಆದರೆ ಒಂದೇ ಎಲೆ ನೋಡಿ ತೀರ್ಮಾನಿಸಬೇಡಿ, ಕಾಯಿ ಬಲಿಯುವವರೆಗೆ ಕಾಯಿರಿ. ಆಬ್ಟ್ಯುಸಿಫೋಲಿಯಾದ ಕಾಯಿತೊಟ್ಟು ಉದ್ದ, 1.5ರಿಂದ 3 ಸೆಂ.ಮೀ.; ತಗಚೆಯದು ಗಿಡ್ಡ. ಬೀಜದ ಪಕ್ಕದಲ್ಲಿ ಓಡುವ ಮಾಸಲು ಪಟ್ಟಿ ತಗಚೆಯಲ್ಲಿ 1.5–2 ಮಿ.ಮೀ. ಅಗಲ, ಇನ್ನೊಂದರಲ್ಲಿ ಅರ್ಧ ಮಿಲಿಮೀಟರ್ ದಾಟದು. ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಸೊಪ್ಪಿಗೆಂದು ಎಳೆ ತಗಚೆ ಕೊಯ್ಯುವವರು ದೊಡ್ಡ ತಗಚೆಯನ್ನು ಚೆನ್ನಾಗಿ ತಿಳಿದಿರಲೇಬೇಕು. ಅದರಲ್ಲಿ 4ರಿಂದ 6 ಜೋಡಿ ಕಿರುಎಲೆ, ತುದಿ ಚೂಪು. ಗ್ರಂಥಿ ಒಂದೇ, ಅದೂ ಕಿರುಎಲೆಗಳ ನಡುವೆ ಅಲ್ಲ, ಎಲೆತೊಟ್ಟಿನ ಬುಡದ ಉಬ್ಬಿನ ಹತ್ತಿರ. ಎಲೆಯನ್ನು ಮೇಲಿನಿಂದ ಚಿವುಟಿದರೆ ಗ್ರಂಥಿ ಗಿಡದಲ್ಲೇ ಉಳಿದು ‘ಗ್ರಂಥಿಯಿಲ್ಲ’ ಅನಿಸಿಬಿಡುತ್ತದೆ. ಉಜ್ಜಿದರೆ ಎರಡೂ ನಾರುತ್ತವೆ, ಮೂಗನ್ನು ನಂಬಬೇಡಿ. ದೊಡ್ಡ ತಗಚೆಯ ಕಾಯಿ ಚಪ್ಪಟೆ, ಅಂಚು ಮಾಸಲು. ತಗಚೆಯದು ತೆಳ್ಳಗೆ, ಉದ್ದಕ್ಕೆ ನಾಲ್ಕು ಏಣು. ದೊಡ್ಡ ತಗಚೆಯ ಬೀಜ ತಿಂದ ಮಕ್ಕಳಲ್ಲಿ ಯಕೃತ್ತು, ಸ್ನಾಯು, ಮಿದುಳಿಗೆ ಒಮ್ಮೆಲೇ ಹೊಡೆತ ಬೀಳುವ ಕಾಯಿಲೆ ಪಶ್ಚಿಮ ಉತ್ತರ ಪ್ರದೇಶದಲ್ಲಿ ದಾಖಲಾಗಿದೆ. ಸಂಶಯವಿದ್ದರೆ ಬುಟ್ಟಿಗೆ ಹಾಕಬೇಡಿ.

ದೊಡ್ಡ ತಗಚೆಗೆ ಹತ್ತಿರದ ಸೆನ್ನಾ ಸೋಫೆರಾದಲ್ಲೂ ಗ್ರಂಥಿ ಬುಡದಲ್ಲೇ. ಕಿರುಎಲೆ ಇನ್ನೂ ಕಿರಿದು, ಜೋಡಿ ಹೆಚ್ಚು, ಕಾಯಿ ಉಬ್ಬಿ ಕೊಳವೆಯಂತಾಗಿರುತ್ತದೆ.

ಮೈಯೆಲ್ಲ ಕಂದುಹೊನ್ನಿನ ರೋಮವಿದ್ದು, ಪ್ರತಿ ಜೋಡಿಯ ನಡುವೆ ಗ್ರಂಥಿ, ಗೇಣಿಗಿಂತ ಬಹಳ ಗಿಡ್ಡ, ಅಡ್ಡಗೆರೆ ಬಿದ್ದ ಕಾಯಿ ಇದ್ದರೆ ಅದು ಸೆನ್ನಾ ಯೂನಿಫ್ಲೋರಾ, ಉಷ್ಣವಲಯದ ಅಮೆರಿಕದ್ದು. ಪಾರ್ಥೇನಿಯಂ ಹತ್ತಿಕ್ಕಲು ಬೀಜ ಎರಚಿದ ಗಿಡವಿದು. ಈಗ ಇದೇ ಕಳೆಯಾಗಿದೆ.

ಒಣಗಿಸಿಡುವುದಾದರೆ ಗ್ರಂಥಿಯ ಬಣ್ಣ, ಆಕಾರವನ್ನು ಕಿತ್ತ ಕೂಡಲೇ ಚೀಟಿಯಲ್ಲಿ ಬರೆಯಿರಿ, ಒಣಗಿದರೆ ಕಪ್ಪಾಗುತ್ತದೆ. ಇನ್ನೊಬ್ಬರಿಗೆ ಫೋಟೊ ಕಳಿಸುವಾಗ ಎಲೆಬುಡದ ಗಂಟು, ಕೆಳಜೋಡಿಯ ನಡುಭಾಗ, ಸ್ಕೇಲಿನ ಪಕ್ಕದಲ್ಲಿಟ್ಟ ಬಲಿತ ಕಾಯಿ, ಈ ಮೂರು ಇರಲಿ.